ಬೆಳಕಿಗಿಂತ ಹೆಚ್ಚಿನ ವೇಗ

ಬೆಳಕಿಗಿಂತ ಹೆಚ್ಚಿನ ವೇಗ ಎಂಬುದು ನಿರ್ವಾತದಲ್ಲಿ ಬೆಳಕು ಚಲಿಸುವ ವೇಗವನ್ನು ಮೀರಿದ ಚಲನೆಯನ್ನು ಸೂಚಿಸುತ್ತದೆ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್, ಅಂದರೆ ಸುಮಾರು 3 ಲಕ್ಷ ಕಿಲೋಮೀಟರ್. 1983ರಿಂದ ಮೀಟರ್ ಎಂಬ ಅಳತೆಯನ್ನೇ ಈ ವೇಗದ ಆಧಾರದಿಂದ ವ್ಯಾಖ್ಯಾನಿಸಲಾಗಿರುವುದರಿಂದ ಈ ಸಂಖ್ಯೆಯಲ್ಲಿ ದೋಷಾಂಶವಿಲ್ಲ. ಇಂದಿನ ಭೌತಶಾಸ್ತ್ರದ ಪ್ರಕಾರ ದ್ರವ್ಯ, ಶಕ್ತಿ ಮತ್ತು ಮಾಹಿತಿ ಈ ಮೂರರಲ್ಲಿ ಯಾವುದೂ ಈ ವೇಗವನ್ನು ಮೀರಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಲಾರದು. ಮೀರಿದ ಉದಾಹರಣೆ ಇದುವರೆಗಿನ ಯಾವ ಪ್ರಯೋಗದಲ್ಲಿಯೂ ದೃಢಪಟ್ಟಿಲ್ಲ.

ಆದರೆ ಇವು ಮೂರಲ್ಲದ ಕೆಲವು ಸಂಗತಿಗಳು ಈ ಮಿತಿಯನ್ನು ಸಲೀಸಾಗಿ ಮೀರುತ್ತವೆ. ನೆರಳು, ಬೆಳಕಿನ ಚುಕ್ಕೆ, ಅಲೆಯ ಶೃಂಗ ಮುಂತಾದವು ಈ ಗುಂಪಿಗೆ ಸೇರಿವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿಯ ರೇಡಿಯೋ ದೂರದರ್ಶಕವನ್ನು ಬಂದು ಸೇರುವ ಅಲೆಗಳಲ್ಲಿ ಇಂತಹ ವೇಗ ನಿತ್ಯದ ಸಂಗತಿ.

ಮಿತಿಯ ಹಿನ್ನೆಲೆ

ಬೆಳಕಿಗೆ ಸೀಮಿತ ವೇಗವಿದೆ ಎಂಬುದನ್ನು 1676ರಲ್ಲಿ ಡೆನ್ಮಾರ್ಕಿನ ಓಲೆ ರೋಮರ್ ಗುರುಗ್ರಹದ ಉಪಗ್ರಹವಾದ ಅಯೋದ ಗ್ರಹಣಗಳ ಕಾಲವ್ಯತ್ಯಾಸದಿಂದ ತೋರಿಸಿದನು. ಬೆಳಕು ವಿದ್ಯುತ್ಕಾಂತೀಯ ಅಲೆ ಎಂದು 1865ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸಿದ್ಧಾಂತ ರೂಪಿಸಿದನು. 1887ರ ಮೈಕೆಲ್ಸನ್ ಮತ್ತು ಮಾರ್ಲೆ ಪ್ರಯೋಗದಲ್ಲಿ ಭೂಮಿಯ ಚಲನೆಯಿಂದ ಬೆಳಕಿನ ವೇಗದಲ್ಲಿ ಆಗಬೇಕೆಂದು ನಿರೀಕ್ಷಿಸಿದ್ದ ವ್ಯತ್ಯಾಸ ಕಂಡುಬರಲಿಲ್ಲ. 1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತವು, ಸಮವೇಗದಲ್ಲಿ ಚಲಿಸುತ್ತಿರುವ ಎಲ್ಲ ವೀಕ್ಷಕರಿಗೂ ಬೆಳಕಿನ ವೇಗ ಒಂದೇ ಎಂಬುದನ್ನು ಮೂಲತತ್ತ್ವವಾಗಿ ಸ್ವೀಕರಿಸಿತು.

ಈ ತತ್ತ್ವದಿಂದ ಎರಡು ಪರಿಣಾಮಗಳು ಹೊರಡುತ್ತವೆ. ಮೊದಲನೆಯದು ಶಕ್ತಿಗೆ ಸಂಬಂಧಿಸಿದ್ದು. ದ್ರವ್ಯರಾಶಿಯುಳ್ಳ ಕಣದ ವೇಗ ಹೆಚ್ಚಿದಂತೆ ಅದಕ್ಕೆ ಬೇಕಾಗುವ ಶಕ್ತಿ ಏರುತ್ತ ಹೋಗಿ, ಬೆಳಕಿನ ವೇಗವನ್ನು ಮುಟ್ಟಲು ಅನಂತ ಶಕ್ತಿ ಬೇಕಾಗುತ್ತದೆ. ಬೆಳಕಿನ ವೇಗದ ಶೇಕಡ 99ರಷ್ಟು ವೇಗದಲ್ಲಿರುವ ಕಣದ ಒಟ್ಟು ಶಕ್ತಿ ಅದರ ನಿಶ್ಚಲ ಶಕ್ತಿಯ 7 ಪಟ್ಟು, ಶೇಕಡ 99.99ಕ್ಕೆ ಅದು 70 ಪಟ್ಟು. ಜಿನೀವಾದ ಬಳಿಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಯಂತ್ರದಲ್ಲಿ ಪ್ರೋಟಾನುಗಳ ಶಕ್ತಿ 7,000 ಪಟ್ಟಿನ ಆಸುಪಾಸಿಗೆ ಏರುತ್ತದೆ. ಆದರೂ ಅವುಗಳ ವೇಗ ಬೆಳಕಿನ ವೇಗಕ್ಕಿಂತ ಸೆಕೆಂಡಿಗೆ ಸುಮಾರು 3 ಮೀಟರಿನಷ್ಟು ಕಡಿಮೆಯೇ ಇರುತ್ತದೆ.

ಎರಡನೆಯ ಪರಿಣಾಮ ಇದಕ್ಕಿಂತ ಗಂಭೀರವಾದುದು. ಗೌರಿಬಿದನೂರಿಗೂ ಚಿಂತಾಮಣಿಗೂ ನೇರ ಅಂತರ ಸುಮಾರು 60 ಕಿಲೋಮೀಟರ್. ಇದನ್ನು ಕ್ರಮಿಸಲು ಬೆಳಕಿಗೆ ಸುಮಾರು 200 ಮೈಕ್ರೋಸೆಕೆಂಡು ಬೇಕು. ಗೌರಿಬಿದನೂರಿನಲ್ಲಿ ಒಂದು ಘಟನೆ ನಡೆದ 100 ಮೈಕ್ರೋಸೆಕೆಂಡುಗಳ ನಂತರ ಚಿಂತಾಮಣಿಯಲ್ಲಿ ಇನ್ನೊಂದು ಘಟನೆ ನಡೆಯಿತೆನ್ನೋಣ. ನೆಲದ ಮೇಲೆ ನಿಂತವರಿಗೆ ಮೊದಲನೆಯದು ಹಿಂದೆ, ಎರಡನೆಯದು ಮುಂದೆ. ಆದರೆ ಗೌರಿಬಿದನೂರಿನಿಂದ ಚಿಂತಾಮಣಿಯ ದಿಕ್ಕಿಗೆ ಬೆಳಕಿನ ಅರ್ಧ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಸಾಗುತ್ತಿರುವ ವೀಕ್ಷಕನಿಗೆ ಚಿಂತಾಮಣಿಯ ಘಟನೆಯೇ ಮೊದಲು ನಡೆದಿರುತ್ತದೆ, ಮತ್ತು ಅವನ ಲೆಕ್ಕವೂ ಅಷ್ಟೇ ಸರಿ. ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳಾದರೆ ಇದರಿಂದ ತೊಂದರೆಯಿಲ್ಲ. ಆದರೆ ಗೌರಿಬಿದನೂರಿನಿಂದ ಕಳುಹಿಸಿದ ಸಂಕೇತವೇ 100 ಮೈಕ್ರೋಸೆಕೆಂಡಿನಲ್ಲಿ ಚಿಂತಾಮಣಿಯನ್ನು ತಲುಪಿದ್ದರೆ, ಆ ವೀಕ್ಷಕನ ಪಾಲಿಗೆ ಉತ್ತರವು ಪ್ರಶ್ನೆಗಿಂತ ಮೊದಲೇ ಬಂದಂತಾಗುತ್ತದೆ. ಅಂತಹ ಎರಡು ಸಂಕೇತಗಳನ್ನು ಜೋಡಿಸಿ, ಕಳುಹಿಸಿದವನಿಗೇ ಅವನು ಕಳುಹಿಸುವುದಕ್ಕೆ ಮುನ್ನ ಉತ್ತರ ತಲುಪಿಸುವ ವ್ಯವಸ್ಥೆಯನ್ನೂ ಕಾಗದದ ಮೇಲೆ ರಚಿಸಬಹುದು. ಬೆಳಕಿನ ವೇಗದ ಮಿತಿಯನ್ನು ಭೌತಶಾಸ್ತ್ರಜ್ಞರು ಬಿಟ್ಟುಕೊಡದಿರುವುದಕ್ಕೆ ಯಂತ್ರಗಳ ಅಶಕ್ತಿಗಿಂತ ಕಾರ್ಯಕಾರಣ ಸಂಬಂಧದ ಈ ಪ್ರಶ್ನೆಯೇ ಮುಖ್ಯ ಕಾರಣ.

ಗೌರಿಬಿದನೂರಿನ ದೂರದರ್ಶಕ

ಬೆಂಗಳೂರಿನ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಗೌರಿಬಿದನೂರು ರೇಡಿಯೋ ವೀಕ್ಷಣಾಲಯವು ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳ ಜಂಟಿ ಪ್ರಯತ್ನವಾಗಿ 1976ರಲ್ಲಿ ಕಾರ್ಯಾರಂಭ ಮಾಡಿತು. ಇಲ್ಲಿನ ಡೆಕಾಮೀಟರ್ ಅಲೆ ದೂರದರ್ಶಕದಲ್ಲಿ ತಟ್ಟೆಯಾಕಾರದ ಪ್ರತಿಫಲಕವಿಲ್ಲ. ಒಟ್ಟು 1,000 ದ್ವಿಧ್ರುವ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನೆಲದ ಮೇಲೆ ಹರಡಲಾಗಿದೆ. ಪೂರ್ವಪಶ್ಚಿಮ ತೋಳಿನ ಉದ್ದ ಸುಮಾರು 1.4 ಕಿಲೋಮೀಟರ್, ದಕ್ಷಿಣದ ತೋಳು ಸುಮಾರು ಅರ್ಧ ಕಿಲೋಮೀಟರ್. ಇದು ಗ್ರಹಿಸುವ ಆವೃತ್ತಿ 34.5 ಮೆಗಾಹರ್ಟ್ಸ್, ಅದರ ತರಂಗಾಂತರ ಸುಮಾರು 8.7 ಮೀಟರ್. ಈ ಆವೃತ್ತಿಯಲ್ಲಿ ಆಕಾಶದ ಬಹುಭಾಗದ ನಕ್ಷೆಯನ್ನು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದರು. ವಿ. ರಾಧಾಕೃಷ್ಣನ್ ಮತ್ತು ಅವಿನಾಶ್ ದೇಶಪಾಂಡೆ ಇಲ್ಲಿ ಪಲ್ಸಾರುಗಳ ಅಧ್ಯಯನ ನಡೆಸಿದರು.

ಇಷ್ಟು ಕಡಿಮೆ ಆವೃತ್ತಿಯ ಅಲೆಗಳ ಮೇಲೆ ದಾರಿಯಲ್ಲಿ ಸಿಗುವ ಮುಕ್ತ ಎಲೆಕ್ಟ್ರಾನುಗಳು ಗಾಢ ಪ್ರಭಾವ ಬೀರುತ್ತವೆ. ಬೆಳಕಿಗಿಂತ ಹೆಚ್ಚಿನ ವೇಗದ ಪ್ರಶ್ನೆ ಇಲ್ಲಿ ಎದುರಾಗುವುದು ಇದೇ ಕಾರಣದಿಂದ.

ಪ್ರಾವಸ್ಥಾ ವೇಗ ಮತ್ತು ಸಮೂಹ ವೇಗ

ಗಾಜು, ನೀರು ಮುಂತಾದವುಗಳ ವಕ್ರೀಭವನಾಂಕ ಬೆಳಕಿಗೆ 1ಕ್ಕಿಂತ ಹೆಚ್ಚು. ಅವುಗಳೊಳಗೆ ಬೆಳಕು ನಿಧಾನವಾಗುತ್ತದೆ. ಮುಕ್ತ ಎಲೆಕ್ಟ್ರಾನುಗಳಿಂದ ಕೂಡಿದ ಪ್ಲಾಸ್ಮಾದಲ್ಲಿ ರೇಡಿಯೋ ಅಲೆಗಳಿಗೆ ಈ ಅಂಕ 1ಕ್ಕಿಂತ ಕಡಿಮೆ. ವೇಗವನ್ನು ಪಡೆಯಲು ಬೆಳಕಿನ ವೇಗವನ್ನು ಈ ಅಂಕದಿಂದ ಭಾಗಿಸಬೇಕಾದುದರಿಂದ, ಅಲೆಯ ಶೃಂಗಗಳು ಬೆಳಕಿಗಿಂತ ವೇಗವಾಗಿ ಓಡುತ್ತವೆ. ಇದಕ್ಕೆ ಪ್ರಾವಸ್ಥಾ ವೇಗ ಎಂದು ಹೆಸರು.

ಭೂಮಿಯ ಮೇಲ್ವಾತಾವರಣದ ಅಯಾನುಗೋಳ ಇದಕ್ಕೆ ಹತ್ತಿರದ ಉದಾಹರಣೆ. ಹಗಲಿನಲ್ಲಿ ಅದರ ಅತಿ ಸಾಂದ್ರ ಪದರದ ಪ್ಲಾಸ್ಮಾ ಆವೃತ್ತಿ 10 ಮೆಗಾಹರ್ಟ್ಸ್ ಇದೆಯೆಂದು ಭಾವಿಸಿದರೆ, ಆ ಪದರದಲ್ಲಿ 34.5 ಮೆಗಾಹರ್ಟ್ಸ್ ಅಲೆಯ ವಕ್ರೀಭವನಾಂಕ 0.957 ಆಗುತ್ತದೆ. ಆಗ ಶೃಂಗಗಳ ವೇಗ ಸೆಕೆಂಡಿಗೆ ಸುಮಾರು 3,13,000 ಕಿಲೋಮೀಟರ್. ಅಂದರೆ ಗೌರಿಬಿದನೂರಿನ ನೆತ್ತಿಯ ಮೇಲೆ ಪ್ರತಿ ಹಗಲೂ ಬೆಳಕಿಗಿಂತ ಶೇಕಡ 4ಕ್ಕೂ ಹೆಚ್ಚು ವೇಗದ ಶೃಂಗಗಳು ಹಾದುಬರುತ್ತವೆ.

ಇದರಿಂದ ಸಾಪೇಕ್ಷತಾ ಸಿದ್ಧಾಂತಕ್ಕೆ ಭಂಗವಿಲ್ಲ. ಆದಿ ಅಂತ್ಯಗಳಿಲ್ಲದೆ ಒಂದೇ ಸಮನೆ ಬರುವ ಅಲೆಯಲ್ಲಿ ಮುಂದಿನ ಶೃಂಗ ಎಲ್ಲಿ, ಯಾವಾಗ ಬರುತ್ತದೆ ಎಂಬುದು ಮೊದಲೇ ತಿಳಿದಿರುತ್ತದೆ. ಅದರಲ್ಲಿ ಹೊಸ ಸುದ್ದಿ ಏನೂ ಇಲ್ಲ. ಜಾತ್ರೆಯ ಕಮಾನಿಗೆ ಕಟ್ಟಿದ ಸಾಲುದೀಪಗಳು ಒಂದರ ನಂತರ ಒಂದು ಹೊತ್ತಿಕೊಳ್ಳುವಂತೆ ಮೊದಲೇ ಹೊಂದಿಸಿಟ್ಟರೆ, ಬೆಳಕು ಓಡಿದಂತೆ ಕಾಣುತ್ತದೆ; ಒಂದು ದೀಪದಿಂದ ಮುಂದಿನ ದೀಪಕ್ಕೆ ಏನೂ ಹೋಗಿರುವುದಿಲ್ಲ. ಹೊಂದಿಕೆಯನ್ನು ಬದಲಿಸಿ ಆ ಓಟವನ್ನು ಎಷ್ಟು ಬೇಕಾದರೂ ವೇಗವಾಗಿಸಬಹುದು. ಅಲೆಯ ಮೂಲಕ ಸುದ್ದಿ ಕಳುಹಿಸಬೇಕಾದರೆ ಅಲೆಯಲ್ಲಿ ಬದಲಾವಣೆ ಮಾಡಬೇಕು: ಅದನ್ನು ಆರಂಭಿಸಬೇಕು, ನಿಲ್ಲಿಸಬೇಕು ಅಥವಾ ಮಿಡಿತವಾಗಿ ಕಳುಹಿಸಬೇಕು. ಪ್ಲಾಸ್ಮಾದಲ್ಲಿ ಆ ಮಿಡಿತ ಸಾಗುವ ವೇಗವೇ ಸಮೂಹ ವೇಗ. ಪ್ರಾವಸ್ಥಾ ವೇಗ ಮತ್ತು ಸಮೂಹ ವೇಗಗಳ ಗುಣಲಬ್ಧ ಇಲ್ಲಿ ಯಾವಾಗಲೂ ಬೆಳಕಿನ ವೇಗದ ವರ್ಗಕ್ಕೆ ಸಮ. ಒಂದು ಮಿತಿಯನ್ನು ಮೀರಿದಷ್ಟೇ ಪ್ರಮಾಣದಲ್ಲಿ ಇನ್ನೊಂದು ಮಿತಿಗಿಂತ ಕೆಳಗೆ ಉಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಸಮೂಹ ವೇಗ ಸೆಕೆಂಡಿಗೆ ಸುಮಾರು 2,87,000 ಕಿಲೋಮೀಟರ್ ಮಾತ್ರ.

ಪಲ್ಸಾರಿನ ಮಿಡಿತದ ವಿಳಂಬ

ಸಮೂಹ ವೇಗ ಬೆಳಕಿಗಿಂತ ಕಡಿಮೆ ಎಂಬುದು ಕೇವಲ ಲೆಕ್ಕವಲ್ಲ, ಗೌರಿಬಿದನೂರಿನ ದತ್ತಾಂಶದಲ್ಲಿ ನೇರವಾಗಿ ಅಳೆಯಬಹುದಾದ ವಿಷಯ. ಪಲ್ಸಾರ್ ಎಂಬುದು ಕ್ರಮಬದ್ಧವಾಗಿ ರೇಡಿಯೋ ಮಿಡಿತಗಳನ್ನು ಹೊರಸೂಸುವ, ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರ. ನಕ್ಷತ್ರಗಳ ನಡುವಣ ಅವಕಾಶದಲ್ಲಿ ಎಲೆಕ್ಟ್ರಾನುಗಳು ತೀರ ವಿರಳವಾದರೂ ದಾರಿ ಸಾವಿರಾರು ಜ್ಯೋತಿರ್ವರ್ಷಗಳಷ್ಟು ಉದ್ದ. ಆದ್ದರಿಂದ ಒಂದೇ ಮಿಡಿತದ ಹೆಚ್ಚಿನ ಆವೃತ್ತಿಯ ಭಾಗ ಮೊದಲು ಬರುತ್ತದೆ, ಕಡಿಮೆ ಆವೃತ್ತಿಯ ಭಾಗ ಹಿಂದೆ ಉಳಿಯುತ್ತದೆ. ವಿಳಂಬವು ಆವೃತ್ತಿಯ ವರ್ಗಕ್ಕೆ ವಿಲೋಮವಾಗಿರುತ್ತದೆ.

ಸಿಂಹರಾಶಿಯ ಬಿ 0943+10 ಎಂಬ ಪಲ್ಸಾರನ್ನು ಗೌರಿಬಿದನೂರಿನಿಂದ ವಿವರವಾಗಿ ಅಧ್ಯಯನ ಮಾಡಲಾಗಿದ್ದು, ಅಶೀಶ್ ಅಸ್ಗೇಕರ್ ಮತ್ತು ಅವಿನಾಶ್ ದೇಶಪಾಂಡೆ 2001ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಇದು ಸುಮಾರು 1.1 ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ದಾರಿಯಲ್ಲಿರುವ ಎಲೆಕ್ಟ್ರಾನುಗಳ ಪ್ರಮಾಣದಿಂದ ಲೆಕ್ಕ ಹಾಕಿದರೆ, ಇದರ 34.5 ಮೆಗಾಹರ್ಟ್ಸ್ ಮಿಡಿತವು ನಿರ್ವಾತದಲ್ಲಿ ಬರಬೇಕಾದ ಸಮಯಕ್ಕಿಂತ ಸುಮಾರು 53 ಸೆಕೆಂಡು ತಡವಾಗಿ ಬರುತ್ತದೆ. ಅಷ್ಟರಲ್ಲಿ ಪಲ್ಸಾರ್ 48 ಬಾರಿ ಮಿಡಿದಿರುತ್ತದೆ. ಇದೇ ಮಿಡಿತದ 1,400 ಮೆಗಾಹರ್ಟ್ಸ್ ಭಾಗದ ವಿಳಂಬ ಸುಮಾರು 32 ಮಿಲಿಸೆಕೆಂಡು ಮಾತ್ರ. 34.5 ಮೆಗಾಹರ್ಟ್ಸ್ ಸುತ್ತಲಿನ ಕೇವಲ 1 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿಯೇ ಮಿಡಿತ 3 ಸೆಕೆಂಡುಗಳಷ್ಟು ಚದುರಿ, ಮುಂದಿನ ಮಿಡಿತಗಳ ಮೇಲೆ ಬಿದ್ದು ಕಲಸಿಹೋಗುತ್ತದೆ. ಪ್ರತಿ ಆವೃತ್ತಿಯ ವಿಳಂಬವನ್ನು ಗಣಿಸಿ ಮರಳಿ ಜೋಡಿಸದ ಹೊರತು ಅಲ್ಲೊಂದು ಪಲ್ಸಾರ್ ಇದೆ ಎಂದೇ ತಿಳಿಯದು. ಈ ಪಲ್ಸಾರ್ 2,000 ಜ್ಯೋತಿರ್ವರ್ಷ ಅಥವಾ ಅದಕ್ಕೂ ಹೆಚ್ಚು ದೂರದಲ್ಲಿದೆ ಎಂಬುದನ್ನು ನೆನೆದರೆ, 53 ಸೆಕೆಂಡುಗಳ ವಿಳಂಬವೆಂದರೆ ವೇಗದಲ್ಲಿ ನೂರು ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ವ್ಯತ್ಯಾಸ.

ಜೆ 1732-3131 ಎಂಬ ಪಲ್ಸಾರಿನ ಪ್ರಕರಣ ಇನ್ನಷ್ಟು ಸ್ವಾರಸ್ಯಕರ. ಫರ್ಮಿ ಉಪಗ್ರಹವು ಇದನ್ನು ಗ್ಯಾಮಾ ಕಿರಣಗಳ ಮೂಲಕ ಪತ್ತೆ ಮಾಡಿತ್ತು. ಗ್ಯಾಮಾ ಕಿರಣಗಳ ಆವೃತ್ತಿ ಅತ್ಯಧಿಕವಾದುದರಿಂದ ಅವುಗಳಿಗೆ ಈ ವಿಳಂಬ ಇಲ್ಲವೆಂದೇ ಹೇಳಬಹುದು. ಹಾಗಾಗಿ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದು ಅವುಗಳಿಂದ ತಿಳಿಯದು. ಗೌರಿಬಿದನೂರಿನಲ್ಲಿ ಹಿಂದಿನ ವರ್ಷಗಳಲ್ಲಿ ದಾಖಲಿಸಿಟ್ಟಿದ್ದ ದತ್ತಾಂಶವನ್ನು ಬೇರೆ ಬೇರೆ ವಿಳಂಬಗಳಿಗೆ ಹೊಂದಿಸಿ ಹುಡುಕಿದ ಯೋಗೇಶ್ ಮಾನ್ ಮತ್ತು ಸಹೋದ್ಯೋಗಿಗಳು, 34.5 ಮೆಗಾಹರ್ಟ್ಸ್‌ನಲ್ಲಿ ಇದರ ಮಿಡಿತ ಕಂಡಿರುವ ಸಾಧ್ಯತೆಯನ್ನು 2012ರಲ್ಲಿ ವರದಿ ಮಾಡಿದರು. ಅವರು ಪಡೆದ ಮೌಲ್ಯದ ಪ್ರಕಾರ ರೇಡಿಯೋ ಮಿಡಿತ ಸುಮಾರು 54 ಸೆಕೆಂಡು ಹಿಂದೆ ಬೀಳುತ್ತದೆ.

ಸೂರ್ಯನ ಕರೋನಾದಲ್ಲಿ ಇದೇ ನಿಯಮ ಅದರ ತುದಿಯನ್ನು ಮುಟ್ಟುತ್ತದೆ. ಒಂದು ಘನ ಸೆಂಟಿಮೀಟರಿಗೆ ಸುಮಾರು 1.5 ಕೋಟಿ ಎಲೆಕ್ಟ್ರಾನುಗಳಿರುವ ಪದರದಲ್ಲಿ 34.5 ಮೆಗಾಹರ್ಟ್ಸ್ ಅಲೆಯ ವಕ್ರೀಭವನಾಂಕ ಸೊನ್ನೆಯಾಗುತ್ತದೆ. ಅಲ್ಲಿ ಪ್ರಾವಸ್ಥಾ ವೇಗ ಮಿತಿಯಿಲ್ಲದೆ ಏರುತ್ತದೆ, ಸಮೂಹ ವೇಗ ಸೊನ್ನೆಗೆ ಇಳಿಯುತ್ತದೆ. ಅದಕ್ಕಿಂತ ಒಳಗಿನಿಂದ ಈ ಅಲೆ ಹೊರಬರಲಾರದು. ಆದ್ದರಿಂದ ಈ ಆವೃತ್ತಿಯಲ್ಲಿ ಕಾಣುವ ಸೂರ್ಯ ನಮ್ಮ ಕಣ್ಣಿಗೆ ಕಾಣುವ ಮೇಲ್ಮೈಯಲ್ಲ, ಅದರ ಹೊರಗಿನ ಕರೋನಾ. 1997ರಿಂದ ಇಲ್ಲಿ ಕಾರ್ಯನಿರ್ವಹಿಸುತ್ತಿರುವ ರೇಡಿಯೋಹೀಲಿಯೋಗ್ರಾಫ್ ಉಪಕರಣವು ಕಡಿಮೆ ಆವೃತ್ತಿಗಳಲ್ಲಿ ಕರೋನಾವನ್ನು ಚಿತ್ರಿಸುತ್ತದೆ.

ನೆಲದ ಮೇಲೆ ಓಡುವ ಅಲೆಮುಖ

ಬೆಳಕಿನ ವೇಗವನ್ನು ಮೀರುವ ಇನ್ನೊಂದು ಬಗೆಯ ಚಲನೆ ದೂರದರ್ಶಕದ ತೋಳುಗಳ ಮೇಲೆಯೇ ನಡೆಯುತ್ತದೆ. ನೆತ್ತಿಯಿಂದ ದಕ್ಷಿಣಕ್ಕೆ 30 ಡಿಗ್ರಿ ವಾಲಿದ ಮೂಲದಿಂದ ಬಂದ ಸಮತಲ ಅಲೆಮುಖವು ದಕ್ಷಿಣದ ತುದಿಯ ಆಂಟೆನಾವನ್ನು ಮೊದಲು ಮುಟ್ಟಿ, ನಂತರ ಒಂದೊಂದನ್ನೇ ಮುಟ್ಟುತ್ತ ಉತ್ತರಕ್ಕೆ ಸರಿಯುತ್ತದೆ. ಅಲೆಮುಖವೂ ನೆಲವೂ ಸಂಧಿಸುವ ಗೆರೆಯ ವೇಗ ಇಲ್ಲಿ ಬೆಳಕಿನ ವೇಗದ 2 ಪಟ್ಟು. ಮೂಲವು ನೆತ್ತಿಗೆ ಹತ್ತಿರವಾದಷ್ಟೂ ಈ ವೇಗ ಏರುತ್ತದೆ. ಸರಿಯಾಗಿ ನೆತ್ತಿಯಲ್ಲಿದ್ದರೆ ಎಲ್ಲ ಆಂಟೆನಾಗಳಿಗೂ ಅಲೆಮುಖ ಒಮ್ಮೆಲೇ ತಾಗುತ್ತದೆ. ಒಂದು ಆಂಟೆನಾದಿಂದ ಪಕ್ಕದ್ದಕ್ಕೆ ಇಲ್ಲಿ ಸಂದೇಶವೇನೂ ಹೋಗುವುದಿಲ್ಲ, ಎಲ್ಲವೂ ಆಕಾಶದಿಂದಲೇ ಬಂದಿರುತ್ತವೆ. ಆಂಟೆನಾಗಳ ನಡುವಣ ಈ ಕ್ಷಣಾಂಶದ ವ್ಯತ್ಯಾಸವನ್ನು ವಿದ್ಯುನ್ಮಂಡಲಗಳಲ್ಲಿ ಸರಿದೂಗಿಸಿಯೇ, ನೆಲದಲ್ಲಿ ನೆಟ್ಟ ದೂರದರ್ಶಕವನ್ನು ಅಲುಗಿಸದೆ ಆಕಾಶದ ಬೇರೆ ಬೇರೆ ದಿಕ್ಕುಗಳಿಗೆ ತಿರುಗಿಸಲಾಗುತ್ತದೆ.

ಇದೇ ಊರಿನ ಬಳಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1960ರ ದಶಕದಿಂದ ನಡೆಸುತ್ತಿರುವ ಭೂಕಂಪ ಮಾಪಕಗಳ ವ್ಯೂಹವೂ ಇದೇ ಜ್ಯಾಮಿತಿಯನ್ನು ಬಳಸುತ್ತದೆ ಎಂಬುದು ಗಮನಾರ್ಹ. ಆಳದಿಂದ ಬರುವ ಭೂಕಂಪನದ ಅಲೆಯು ನೆಲದ ಮೇಲೆ ಸರಿಯುವ ತೋರಿಕೆಯ ವೇಗವು ಅಲೆಯ ನಿಜವೇಗಕ್ಕಿಂತ ಹೆಚ್ಚಾಗಿರುತ್ತದೆ, ಮತ್ತು ಆ ಹೆಚ್ಚಳದಿಂದಲೇ ಅಲೆ ಬಂದ ಕೋನ ತಿಳಿಯುತ್ತದೆ.

ಚಂದ್ರನ ಮೇಲೆ ಹಾಯಿಸಿದ ಲೇಸರ್ ಚುಕ್ಕೆಯ ಪ್ರಸಿದ್ಧ ಉದಾಹರಣೆಯೂ ಈ ಬಗೆಯದೇ. ಚಂದ್ರನ ವ್ಯಾಸ ಸುಮಾರು 3,476 ಕಿಲೋಮೀಟರ್. ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಚುಕ್ಕೆಯನ್ನು ಈ ತುದಿಯಿಂದ ಆ ತುದಿಗೆ ಹಾಯಿಸಿದರೆ ಅದರ ವೇಗ ಬೆಳಕಿನ ವೇಗವನ್ನು ಮೀರುತ್ತದೆ.

ಟ್ಯಾಕಿಯಾನ್

ಬೆಳಕಿನ ವೇಗವನ್ನು ದಾಟಲಾಗದು ಎಂಬುದಕ್ಕೂ, ಅದರಾಚೆ ಏನೂ ಇರಲಾರದು ಎಂಬುದಕ್ಕೂ ವ್ಯತ್ಯಾಸವಿದೆ. ಈ ಸೂಕ್ಷ್ಮವನ್ನು ಹಿಡಿದು 1962ರಲ್ಲಿ ಒ. ಎಂ. ಪಿ. ಬಿಲಾನ್ಯುಕ್, ವಿ. ಕೆ. ದೇಶಪಾಂಡೆ ಮತ್ತು ಇ. ಸಿ. ಜಿ. ಸುದರ್ಶನ್ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕೇರಳದಲ್ಲಿ ಜನಿಸಿದ ಸುದರ್ಶನ್ (1931-2018) ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಹುಟ್ಟುವಾಗಲೇ ಬೆಳಕಿಗಿಂತ ವೇಗವಾಗಿರುವ ಕಣಗಳು ಆ ಮಿತಿಯನ್ನು ದಾಟಬೇಕಾದ ಪ್ರಮೇಯವೇ ಇಲ್ಲ ಎಂಬುದು ಅವರ ವಾದ. ಹಿಮಾಲಯವನ್ನು ಹತ್ತಿ ದಾಟಿದವರಿಲ್ಲವೆಂಬ ಕಾರಣಕ್ಕೆ ಅದರಾಚೆ ಜನರೇ ಇಲ್ಲ ಎಂದು ತೀರ್ಮಾನಿಸುವುದು ತಪ್ಪಾದೀತು ಎಂಬ ಹೋಲಿಕೆಯನ್ನು ಸುದರ್ಶನ್ ಬಳಸುತ್ತಿದ್ದರು. ಇಂತಹ ಕಣಗಳಿಗೆ ಟ್ಯಾಕಿಯಾನ್ ಎಂಬ ಹೆಸರನ್ನು, 'ವೇಗದ' ಎಂಬ ಅರ್ಥದ ಗ್ರೀಕ್ ಪದದಿಂದ, 1967ರಲ್ಲಿ ಜೆರಾಲ್ಡ್ ಫೈನ್‌ಬರ್ಗ್ ನೀಡಿದನು.

ಟ್ಯಾಕಿಯಾನಿನ ನಡತೆ ತಲೆಕೆಳಗು. ಶಕ್ತಿ ಕಳೆದುಕೊಂಡಷ್ಟೂ ಅದರ ವೇಗ ಹೆಚ್ಚುತ್ತದೆ. ಅದನ್ನು ಬೆಳಕಿನ ವೇಗಕ್ಕೆ ಇಳಿಸಲು ಅನಂತ ಶಕ್ತಿ ಬೇಕು. ಕೆಲವು ವೀಕ್ಷಕರಿಗೆ ಅದು ಋಣಶಕ್ತಿಯೊಂದಿಗೆ ಕಾಲದಲ್ಲಿ ಹಿಂದಕ್ಕೆ ಸಾಗುವಂತೆ ಕಾಣುತ್ತದೆ. ಅದನ್ನು ಧನಶಕ್ತಿಯೊಂದಿಗೆ ವಿರುದ್ಧ ದಿಕ್ಕಿನಲ್ಲಿ, ಕಾಲದಲ್ಲಿ ಮುಂದಕ್ಕೆ ಸಾಗುವ ಕಣವೆಂದು ಓದಬೇಕು ಎಂಬುದು 1962ರ ಪ್ರಬಂಧದ ಮುಖ್ಯ ಸೂಚನೆ. ಕಾರ್ಯಕಾರಣದ ಗೊಂದಲ ಇದರಿಂದ ಪೂರ್ತಿ ಪರಿಹಾರವಾಗುತ್ತದೆಯೇ ಎಂಬ ಬಗ್ಗೆ ಒಮ್ಮತ ಮೂಡಲಿಲ್ಲ. ನಡೆದ ಹುಡುಕಾಟಗಳಲ್ಲಿ ಟ್ಯಾಕಿಯಾನ್ ಸಿಕ್ಕಿಲ್ಲ. ಇಂದಿನ ಕ್ಷೇತ್ರ ಸಿದ್ಧಾಂತದಲ್ಲಿ ಈ ಪದವು ಹೆಚ್ಚಾಗಿ ವೇಗದ ಕಣವನ್ನಲ್ಲದೆ ವ್ಯವಸ್ಥೆಯೊಂದರ ಅಸ್ಥಿರತೆಯನ್ನು ಸೂಚಿಸುತ್ತದೆ. ತಂತು ಸಿದ್ಧಾಂತದಲ್ಲಿ ಈ ಅರ್ಥದ ಟ್ಯಾಕಿಯಾನ್ ಕುರಿತು ಅಶೋಕ್ ಸೆನ್ ಮಹತ್ವದ ಕೆಲಸ ಮಾಡಿದ್ದಾರೆ.

ನ್ಯೂಟ್ರಿನೋ ಪ್ರಕರಣ

2011ರ ಸೆಪ್ಟೆಂಬರಿನಲ್ಲಿ ಒಪೆರಾ ಪ್ರಯೋಗದ ವಿಜ್ಞಾನಿಗಳು, ಜಿನೀವಾದ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೋಗೆ ಸುಮಾರು 730 ಕಿಲೋಮೀಟರ್ ನೆಲದೊಳಗೆ ಸಾಗಿದ ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡು ಮುಂಚಿತವಾಗಿ ತಲುಪಿದಂತೆ ಕಾಣುತ್ತಿದೆ ಎಂದು ಪ್ರಕಟಿಸಿದರು. ತಾವು ಕಂಡುಹಿಡಿಯಲಾಗದ ದೋಷವಿದ್ದರೆ ಇತರರು ಹುಡುಕಲಿ ಎಂಬುದೇ ಅವರ ಕೋರಿಕೆಯಾಗಿತ್ತು. ಸುದ್ದಿಮಾಧ್ಯಮಗಳು ಐನ್‌ಸ್ಟೈನ್ ಸೋತನೆಂದು ಬರೆದವು. 2012ರಲ್ಲಿ ಸರಿಯಾಗಿ ಜೋಡಣೆಯಾಗದ ದ್ಯುತಿತಂತು ಕೇಬಲ್ ಮತ್ತು ಗಡಿಯಾರದ ದೋಷ ಪತ್ತೆಯಾದವು. ಅದೇ ಸುರಂಗದ ಐಕಾರಸ್ ಪ್ರಯೋಗದಲ್ಲಿಯೂ ನ್ಯೂಟ್ರಿನೋಗಳು ಬೆಳಕಿನ ವೇಗವನ್ನು ಮೀರಿರಲಿಲ್ಲ.

ಫಲಿತಾಂಶವನ್ನು ಮೊದಲೇ ಸಂದೇಹಿಸಲು ಒಂದು ಖಗೋಳ ಸಾಕ್ಷ್ಯವಿತ್ತು. ಸುಮಾರು 1,68,000 ಜ್ಯೋತಿರ್ವರ್ಷ ದೂರದಲ್ಲಿ ಸ್ಫೋಟಿಸಿದ ನಕ್ಷತ್ರದ ನ್ಯೂಟ್ರಿನೋಗಳು 1987ರ ಫೆಬ್ರವರಿಯಲ್ಲಿ, ಸ್ಫೋಟದ ಬೆಳಕು ಕಾಣುವುದಕ್ಕೆ ಸುಮಾರು 3 ಗಂಟೆ ಮೊದಲು ಭೂಮಿಯನ್ನು ತಲುಪಿದವು. ನ್ಯೂಟ್ರಿನೋಗಳು ನಕ್ಷತ್ರದ ಗರ್ಭದಿಂದ ತಡೆಯಿಲ್ಲದೆ ಹೊರಟರೆ, ಬೆಳಕು ಆಘಾತದ ಅಲೆ ಮೇಲ್ಮೈಯನ್ನು ಮುಟ್ಟುವವರೆಗೆ ಕಾಯಬೇಕಾದುದೇ ಈ ಅಂತರಕ್ಕೆ ಕಾರಣ. ಒಪೆರಾ ವರದಿ ನಿಜವಾಗಿದ್ದರೆ, ಅದೇ ಅನುಪಾತದಲ್ಲಿ ಈ ನ್ಯೂಟ್ರಿನೋಗಳು 3 ಗಂಟೆಯಲ್ಲ, 4 ವರ್ಷ ಮೊದಲೇ ಬರಬೇಕಾಗಿತ್ತು.

ಭೂಮಿಯ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳು ಮೊದಲು ಪತ್ತೆಯಾದ ಸ್ಥಳಗಳಲ್ಲಿ ಕೋಲಾರದ ಚಿನ್ನದ ಗಣಿಯೂ ಒಂದು. 1965ರಲ್ಲಿ ಗಣಿಯ ಆಳದಲ್ಲಿ ಇದು ಸಾಧ್ಯವಾಯಿತು. ಗೌರಿಬಿದನೂರು ಕೂಡ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಗುವವರೆಗೆ ಕೋಲಾರ ಜಿಲ್ಲೆಯಲ್ಲಿಯೇ ಇತ್ತು.

ಮಿತಿಯನ್ನು ಮೀರಿದಂತೆ ತೋರುವ ಇತರ ಸಂದರ್ಭಗಳು

ಕ್ವೇಸಾರುಗಳಿಂದ ಚಿಮ್ಮುವ ಅನಿಲದ ಧಾರೆಗಳು ಆಕಾಶದಲ್ಲಿ ಬೆಳಕಿನ ಹಲವು ಪಟ್ಟು ವೇಗದಿಂದ ಸರಿಯುವಂತೆ 1970ರ ದಶಕದಿಂದ ಕಂಡುಬಂದಿದೆ. 1966ರಲ್ಲಿಯೇ ಮಾರ್ಟಿನ್ ರೀಸ್ ಇದನ್ನು ಊಹಿಸಿದ್ದನು. ಧಾರೆಯು ಬಹುಮಟ್ಟಿಗೆ ನಮ್ಮ ಕಡೆಗೇ ಬರುತ್ತಿರುವುದರಿಂದ, ಅದು ತಾನು ಹಿಂದೆ ಕಳುಹಿಸಿದ ಬೆಳಕನ್ನು ಹೆಚ್ಚುಕಡಿಮೆ ಬೆನ್ನಟ್ಟಿಯೇ ಬರುತ್ತದೆ. ಆದ್ದರಿಂದ ವರ್ಷಗಳ ಚಲನೆ ನಮಗೆ ತಿಂಗಳುಗಳಲ್ಲಿ ನಡೆದಂತೆ ಕಾಣುತ್ತದೆ. ಬೆಳಕಿನ ವೇಗದ ಶೇಕಡ 95ರಷ್ಟು ವೇಗದಲ್ಲಿ, ನಮ್ಮ ದೃಷ್ಟಿರೇಖೆಗೆ 18 ಡಿಗ್ರಿ ಕೋನದಲ್ಲಿ ಬರುವ ಧಾರೆಯ ತೋರಿಕೆಯ ವೇಗ ಬೆಳಕಿನ ಸುಮಾರು 3 ಪಟ್ಟು.

ನೀರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2,25,000 ಕಿಲೋಮೀಟರ್. ವಿದ್ಯುದಾವೇಶವುಳ್ಳ ಕಣ ಇದನ್ನು ಮೀರಬಹುದು; ಆಗ ಹೊಮ್ಮುವ ನೀಲಿ ಬೆಳಕೇ ಚೆರೆಂಕೋವ್ ವಿಕಿರಣ. ಇಲ್ಲಿ ಮೀರಿರುವುದು ನೀರಿನೊಳಗಿನ ಬೆಳಕಿನ ವೇಗವನ್ನೇ ಹೊರತು ನಿರ್ವಾತದ ವೇಗವನ್ನಲ್ಲ.

ವಿಶ್ವದ ವಿಸ್ತರಣೆಯಿಂದಾಗಿ ಅತಿ ದೂರದ ಬ್ರಹ್ಮಾಂಡಗಳು ನಮ್ಮಿಂದ ಬೆಳಕಿಗಿಂತ ವೇಗವಾಗಿ ದೂರ ಸರಿಯುತ್ತಿವೆ. ಅಲ್ಲಿ ಹಿಗ್ಗುತ್ತಿರುವುದು ನಡುವಣ ಅವಕಾಶ. ಯಾವ ಬ್ರಹ್ಮಾಂಡವೂ ತನ್ನ ಪಕ್ಕದಲ್ಲಿ ಸಾಗುವ ಬೆಳಕನ್ನು ಹಿಂದಿಕ್ಕುವುದಿಲ್ಲ.

ಕ್ವಾಂಟಮ್ ಹೆಣೆದುಕೊಳ್ಳುವಿಕೆಯಲ್ಲಿ ದೂರದ ಎರಡು ಕಣಗಳ ಅಳತೆಗಳ ನಡುವೆ ಕಾಣುವ ಹೊಂದಾಣಿಕೆಗೆ ಬೆಳಕು ಅತ್ತಿತ್ತ ಸಾಗುವಷ್ಟು ಕಾಲವೂ ಬೇಕಿಲ್ಲ. ಆದರೆ ಪ್ರತಿಯೊಂದು ಬದಿಯ ಫಲಿತಾಂಶ ಬಿಡಿಯಾಗಿ ಯಾದೃಚ್ಛಿಕ. ಹೊಂದಾಣಿಕೆ ಇದೆಯೆಂದು ತಿಳಿಯಲು ಎರಡೂ ಬದಿಯ ದಾಖಲೆಗಳನ್ನು ಸಾಮಾನ್ಯ ಮಾರ್ಗದಲ್ಲಿ ತರಿಸಿ ಹೋಲಿಸಲೇಬೇಕು. ಇದರಿಂದ ಸಂದೇಶ ಕಳುಹಿಸಬಹುದೆಂಬ ಜನಪ್ರಿಯ ನಂಬಿಕೆ ತಪ್ಪು.

2000ದಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಸೀಸಿಯಮ್ ಅನಿಲದ ಮೂಲಕ ಹಾಯಿಸಿದ ಬೆಳಕಿನ ಮಿಡಿತದ ಸಮೂಹ ವೇಗವೂ ಮಿತಿಯನ್ನು ಮೀರಿತು. ಅಂತಹ ವಿಶೇಷ ಮಾಧ್ಯಮಗಳಲ್ಲಿ ಮಿಡಿತದ ಶಿಖರ ಮುಂದೆ ಸರಿದಂತಾಗುತ್ತದೆಯಾದರೂ, ಮಿಡಿತದ ಮೊಟ್ಟಮೊದಲ ಅಂಚು ಬೆಳಕಿನ ವೇಗವನ್ನು ಮೀರದು ಎಂಬುದನ್ನು 1914ರಲ್ಲಿಯೇ ಸೊಮರ್‌ಫೆಲ್ಡ್ ಮತ್ತು ಬ್ರಿಲೂಯಿನ್ ಗಣಿತದಿಂದ ತೋರಿಸಿದ್ದರು.

ನೌಕೆಯ ಮುಂದಿನ ಅವಕಾಶವನ್ನು ಕುಗ್ಗಿಸಿ ಹಿಂದಿನದನ್ನು ಹಿಗ್ಗಿಸುವ ಮೂಲಕ ಪ್ರಯಾಣಿಸುವ ಪರಿಕಲ್ಪನೆಯನ್ನು 1994ರಲ್ಲಿ ಮಿಗೆಲ್ ಆಲ್ಕುಬಿಯೆರೆ ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳಿಗೆ ಒಂದು ಪರಿಹಾರವಾಗಿ ಮಂಡಿಸಿದನು. ಅದಕ್ಕೆ ಋಣ ಶಕ್ತಿಸಾಂದ್ರತೆಯುಳ್ಳ ದ್ರವ್ಯ ಅಪಾರ ಪ್ರಮಾಣದಲ್ಲಿ ಬೇಕಾಗುತ್ತದೆ. ಅಂತಹ ದ್ರವ್ಯ ಎಲ್ಲಿಯೂ ಕಂಡುಬಂದಿಲ್ಲ.